ಗೆರೆ ಬಂತೆಂದು ಕ್ಯಾಸೆಟ್ ಎಸೆಯಬೇಡಿ

ಹೋದ ದೀಪಾವಳಿಗೆ ಊರಿಗೆ ಹೋದಾಗ ದೊಡ್ಡಪ್ಪ ಒಂದು ಪೆನ್‌ಡ್ರೈವ್ ತಂದು ಕೈಗಿಟ್ಟರು.

"ನಿಮ್ಮತ್ತೆ ಮದುವೆ ಕ್ಯಾಸೆಟ್ ಇದ್ರಾಗೆ ಹಾಕಿಸ್ಕಂಡು ಬಂದೀನಿ ಕಣವ್ವ. ನಿಮ್ಮಜ್ಜಿ ಐದಾಳೆ, ನೋಡು."

ಲ್ಯಾಪ್‌ಟಾಪಿಗೆ ಚುಚ್ಚಿ ಎಲ್ಲರೂ ಸುತ್ತ ಕೂತೆವು. 1998ರ ಮದುವೆ. ಹೊಸದುರ್ಗ ತಾಲ್ಲೂಕಿನ ನಮ್ಮೂರ ಮನೆ, ಮುಂದೆ ಚಪ್ಪರ, ಹಿಂದೆ ತೆಂಗಿನ ತೋಟ. ಅಜ್ಜಿ ಕಂಬಕ್ಕೆ ಒರಗಿ ಕೂತು ಸೋಬಾನೆ ಹೇಳುತ್ತಿದ್ದಾಳೆ. ಅಜ್ಜಿ ತೀರಿಕೊಂಡು ಇಪ್ಪತ್ತು ವರ್ಷದ ಮೇಲಾಯಿತು. ಅವಳು ಮಾತಾಡುವ, ಓಡಾಡುವ ಚಿತ್ರ ಅಂತ ನಮ್ಮ ಮನೆಯಲ್ಲಿ ಇರುವುದು ಇದೊಂದೇ.

ಕೂತಿರುವವರೆಗೂ ಚಿತ್ರ ಚೆನ್ನಾಗಿತ್ತು. ಆರತಿ ಎತ್ತಲು ಅಜ್ಜಿ ಎದ್ದು ಕೈ ಆಡಿಸಿದ ಕೂಡಲೇ ಕೈ ಹರಿದುಹೋಯಿತು. ತೋಳಿನ ಅಂಚಿಗೆ ಬಾಚಣಿಗೆ ಹಲ್ಲಿನ ಹಾಗೆ ಸಣ್ಣ ಸಣ್ಣ ಅಡ್ಡ ಗೆರೆ. ಅಜ್ಜಿ ತಿರುಗಿದರೆ ಮುಖವೂ ಗೆರೆ. ಮಕ್ಕಳು ಓಡಿದರೆ ಮಕ್ಕಳೆಲ್ಲ ಸೀಳು ಸೀಳು.

"ಕ್ಯಾಸೆಟ್ ಹಾಳಾಗೈತಂತೆ. ಒಳಗೆ ರೀಲು ತಿಂದೋಗೈತೆ ಅಂದ್ರು ಅಂಗಡಿಯೋರು. ಅದಕ್ಕೇ ಇನ್ನೆರಡು ಹಾಕಿಸ್ಲಿಲ್ಲ, ದುಡ್ಡು ದಂಡ ಅಂತ."

"ಎಲ್ಲವೆ ದೊಡ್ಡಪ್ಪ ಆ ಎರಡು?"

"ಹಬ್ಬಕ್ಕೆ ಸುಣ್ಣ ಬಳಿಯೋವಾಗ ಹಳೇ ಸಾಮಾನು ಎಲ್ಲ ತಿಪ್ಪೆಗೆ ಹಾಕಿದ್ವಲ್ಲವ್ವ."

ನಾನು ಕೀಬೋರ್ಡಿನಲ್ಲಿ ಒಂದೇ ಒಂದು ಅಕ್ಷರ ಒತ್ತಿದೆ. ಗೆರೆ ಹೋಯಿತು. ಅಜ್ಜಿಯ ಕೈ ಕೂಡಿಕೊಂಡಿತು. ಆರತಿ ತಟ್ಟೆ ಗುಂಡಗೆ ತಿರುಗಿತು.

ದೊಡ್ಡಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದರು: "ಹಂಗಾರೆ ಅವೆರಡೂ ಚೆನ್ನಾಗೇ ಇದ್ವೇನವ್ವ?"

ಎರಡರಲ್ಲಿ ಒಂದು ಊರ ಜಾತ್ರೆಯದು. ಇನ್ನೊಂದು ಊರವರೇ ಆಡಿದ ಕುರುಕ್ಷೇತ್ರ ನಾಟಕದ್ದು. ಅದರಲ್ಲಿ ದೊಡ್ಡಪ್ಪನೇ ಭೀಮ. ತಿಪ್ಪೆಗೆ ಹೋಗಿ ನೋಡಿದೆವು. ಮಳೆ ಬಿದ್ದಿತ್ತು, ಗೊಬ್ಬರ ಹೊಲಕ್ಕೆ ಹೋಗಿತ್ತು.

ಈ ಬರಹ ಆ ಎರಡು ಕ್ಯಾಸೆಟ್‌ಗಳಿಗಾಗಿ. ಅವು ಬರುವುದಿಲ್ಲ. ಆದರೆ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯ ಹಳ್ಳಿಗಳಲ್ಲಿ ಅಟ್ಟದ ಮೇಲೆ, ಟ್ರಂಕಿನೊಳಗೆ, ದೇವರ ಕೋಣೆಯ ಗೂಡಿನಲ್ಲಿ ಇನ್ನೂ ಇಂಥ ಕ್ಯಾಸೆಟ್‌ಗಳಿವೆ. ಕಂಪ್ಯೂಟರಿನಲ್ಲಿ ಗೆರೆ ಕಂಡಿತೆಂದು ಅವನ್ನು ಎಸೆಯುವುದು, ಕನ್ನಡಕಕ್ಕೆ ಧೂಳು ಕೂತಿದೆ ಅಂತ ಎದುರಿನ ಪುಸ್ತಕ ಹರಿದಂತೆ.

ಗೆರೆ ಕ್ಯಾಸೆಟ್ಟಿನ ರೋಗವಲ್ಲ

ಈ ಗೆರೆಗೆ ಇಂಟರ್‌ಲೇಸಿಂಗ್ ಅನ್ನುತ್ತಾರೆ. ಹೆಸರು ದೊಡ್ಡದು, ವಿಷಯ ಹೊಲದ್ದು.

ಒಂದು ಹೊಲಕ್ಕೆ ಸಾಲು ಬಿಟ್ಟು ಸಾಲು ಬಿತ್ತುತ್ತೀರಿ ಅಂದುಕೊಳ್ಳಿ. ಮೊದಲ ಸುತ್ತಿನಲ್ಲಿ 1, 3, 5, 7ನೇ ಸಾಲು. ಎರಡನೇ ಸುತ್ತಿನಲ್ಲಿ ಬಂದು 2, 4, 6, 8ನೇ ಸಾಲು. ಎರಡು ಸುತ್ತು ಮುಗಿದರೆ ಹೊಲ ತುಂಬಿತು. ಹಳೆಯ ವಿಡಿಯೋ ಕ್ಯಾಮೆರಾ ಚಿತ್ರ ಹಿಡಿಯುತ್ತಿದ್ದುದೂ ಹೀಗೇ. ಮೊದಲು ಬೆಸ ಸಾಲುಗಳ ಅರ್ಧ ಚಿತ್ರ, ಆಮೇಲೆ ಸಮ ಸಾಲುಗಳ ಇನ್ನರ್ಧ. ಈ ಅರ್ಧ ಚಿತ್ರಕ್ಕೆ ಫೀಲ್ಡ್ ಅಂತ ಹೆಸರು. ನಮ್ಮ ದೇಶದಲ್ಲಿ ಬಳಸಿದ ಪಾಲ್ ಪದ್ಧತಿಯಲ್ಲಿ ಒಟ್ಟು 625 ಗೆರೆ, ಅದರಲ್ಲಿ ಚಿತ್ರ ಕಾಣುವುದು 576. ಒಂದೊಂದು ಅರ್ಧ ಚಿತ್ರಕ್ಕೆ 288. ಸೆಕೆಂಡಿಗೆ 50 ಅರ್ಧ ಚಿತ್ರ, ಅಂದರೆ 25 ಪೂರ್ತಿ ಚಿತ್ರ.

ಹೀಗೇಕೆ ಮಾಡಿದರು? 1930ರ ದಶಕದಲ್ಲಿ ಟಿವಿ ಹುಟ್ಟುವಾಗ ಪೂರ್ತಿ ಚಿತ್ರವನ್ನು ಸೆಕೆಂಡಿಗೆ 50 ಸಲ ಗಾಳಿಯಲ್ಲಿ ಕಳಿಸುವಷ್ಟು ಜಾಗ ಸಿಗ್ನಲ್ಲಿನಲ್ಲಿ ಇರಲಿಲ್ಲ. 25 ಸಲ ಮಾತ್ರ ತೋರಿಸಿದರೆ ಪರದೆ ಮಿಣಮಿಣ ಅಂದು ಕಣ್ಣು ನೋಯುತ್ತಿತ್ತು. ಅದಕ್ಕೇ ಅರ್ಧರ್ಧ ಕಳಿಸುವ ಉಪಾಯ. 1936ರಲ್ಲಿ ಲಂಡನ್ನಿನಲ್ಲಿ ಬಿಬಿಸಿ 405 ಗೆರೆಯ ಟಿವಿ ಶುರು ಮಾಡಿದ್ದೂ ಇದೇ ಉಪಾಯದ ಮೇಲೆ. ಹಳೆಯ ಡಬ್ಬಿ ಟಿವಿ ಒಂದು ಸುತ್ತು ಬೆಸ ಸಾಲು ಬೆಳಗಿಸಿ, ಅದು ಆರುವಷ್ಟರಲ್ಲಿ ಸಮ ಸಾಲು ಬೆಳಗಿಸುತ್ತಿತ್ತು. ನಮ್ಮ ಕಣ್ಣು ಎರಡನ್ನೂ ಕೂಡಿಸಿಕೊಳ್ಳುತ್ತಿತ್ತು. ಕ್ಯಾಸೆಟ್ ಹಾಕಿಕೊಂಡು ನೋಡುವ ಕಾಲದಲ್ಲಿ ಯಾರಿಗೂ ಗೆರೆ ಕಾಣಲಿಲ್ಲ.

ಕಂಪ್ಯೂಟರ್, ಫೋನುಗಳ ಪರದೆ ಹಾಗಲ್ಲ. ಅವು ಎಲ್ಲ ಸಾಲನ್ನೂ ಒಟ್ಟಿಗೆ ತೋರಿಸುತ್ತವೆ. ಬೆಸ ಸಾಲಿನ ಚಿತ್ರ ತೆಗೆದ ಗಳಿಗೆಗೂ ಸಮ ಸಾಲಿನ ಚಿತ್ರ ತೆಗೆದ ಗಳಿಗೆಗೂ ನಡುವೆ ಸೆಕೆಂಡಿನ 50ನೇ ಒಂದು ಭಾಗ ಕಳೆದಿರುತ್ತದೆ. ಅಷ್ಟರಲ್ಲಿ ಅಜ್ಜಿಯ ಕೈ ಒಂದು ಬೆರಳಷ್ಟು ಮುಂದೆ ಹೋಗಿರುತ್ತದೆ. ಎರಡನ್ನೂ ಒಂದೇ ಸಲ ತೋರಿಸಿದರೆ ಒಂದು ಸಾಲಿನಲ್ಲಿ ಕೈ ಇಲ್ಲಿ, ಮುಂದಿನ ಸಾಲಿನಲ್ಲಿ ಕೈ ಅಲ್ಲಿ. ಅದೇ ಬಾಚಣಿಗೆ ಹಲ್ಲು.

ಅಂದರೆ ಗೆರೆ ಕಂಡರೆ ಕ್ಯಾಸೆಟ್ಟಿನಲ್ಲಿ ಚಿತ್ರ ಕಡಿಮೆಯಿದೆ ಅಂತಲ್ಲ. ಎರಡು ಗಳಿಗೆಯ ಚಿತ್ರ ಒಟ್ಟಿಗೆ ಕಾಣುತ್ತಿದೆ ಅಂತ. ಬಿಡಿಸಿ ಒಂದಾದ ಮೇಲೊಂದು ತೋರಿಸಿದರೆ ಮುಗಿಯಿತು.

ಸಿನಿಮಾಕ್ಕೆ ಈ ತೊಂದರೆ ಇಲ್ಲ. ನಮ್ಮ ದುರ್ಗದ ಕೋಟೆಯಲ್ಲೇ ಪುಟ್ಟಣ್ಣ ಕಣಗಾಲ್ ತೆಗೆದ 'ನಾಗರಹಾವು' 1972ರದು, ಮದುವೆ ಕ್ಯಾಸೆಟ್ಟಿಗಿಂತ ಎಷ್ಟೋ ಹಳೆಯದು. ಆದರೂ ಅದರಲ್ಲಿ ಬಾಚಣಿಗೆ ಗೆರೆ ಕಾಣುವುದಿಲ್ಲ. ಫಿಲ್ಮಿನ ಒಂದೊಂದು ಚೌಕವೂ ಒಂದೇ ಗಳಿಗೆಯ ಪೂರ್ತಿ ಚಿತ್ರ. ಟಿವಿಗೆ ಕಳಿಸುವಾಗ ಎರಡು ಅರ್ಧ ಮಾಡಿದರೂ ಎರಡೂ ಅರ್ಧ ಒಂದೇ ಗಳಿಗೆಯವು, ಕೂಡಿಸಿದರೆ ಸರಿಯಾಗಿ ಕೂಡುತ್ತವೆ. ಮದುವೆ, ಜಾತ್ರೆ, ನಾಟಕ ಹಿಡಿದ ವಿಡಿಯೋ ಕ್ಯಾಮೆರಾದ ಎರಡು ಅರ್ಧಗಳು ಮಾತ್ರ ಬೇರೆ ಬೇರೆ ಗಳಿಗೆಯವು. ಹಾಗಾಗಿ ಗೆರೆಗೂ ಕ್ಯಾಸೆಟ್ಟಿನ ವಯಸ್ಸಿಗೂ ಸಂಬಂಧ ಇಲ್ಲ.

ನಿಜವಾದ ರೋಗ ಬೇರೆ

ಕ್ಯಾಸೆಟ್ ಹಾಳಾಗುವುದೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಹಾಳಾಗುತ್ತದೆ. ಆದರೆ ಅದರ ಗುರುತೇ ಬೇರೆ.

ಬಾಚಣಿಗೆ ಗೆರೆ ಓಡಾಡುವ ವಸ್ತುವಿಗೆ ಮಾತ್ರ ಅಂಟಿಕೊಳ್ಳುತ್ತದೆ. ಕಂಬ, ಗೋಡೆ, ಕೂತ ಮನುಷ್ಯ ಚೊಕ್ಕಟವಾಗಿ ಕಾಣುತ್ತಾರೆ. ಗೆರೆಗಳು ಒಂದೇ ದಪ್ಪ, ಒಂದೇ ಅಂತರ.

ರೀಲು ಕೆಟ್ಟಿದ್ದರೆ ನಿಂತ ಗೋಡೆಯ ಮೇಲೂ ಬಿಳಿ ಚುಕ್ಕಿ, ಬಿಳಿ ಗೀಟು ಹಾರುತ್ತವೆ. ಚಿತ್ರ ಮೇಲಕ್ಕೆ ಉರುಳುತ್ತದೆ, ಇಲ್ಲವೇ ಮಂಜು ಕವಿದ ಹಾಗೆ ಆಗುತ್ತದೆ. ಚಿತ್ರದ ತೀರಾ ಕೆಳಗೆ ಒಂದು ಬೆರಳಗಲ ಕಲಕಿದ ಹಾಗೆ ಕಂಡರೆ ಅದಕ್ಕೂ ಹೆದರಬೇಡಿ. ಎಲ್ಲ ವಿಸಿಆರ್ ಕ್ಯಾಸೆಟ್ಟಿನಲ್ಲೂ ಅದು ಇರುವುದೇ. ಹಳೆಯ ಟಿವಿಯಲ್ಲಿ ಚೌಕಟ್ಟಿನ ಹಿಂದೆ ಮುಚ್ಚಿಹೋಗುತ್ತಿತ್ತು, ಅಷ್ಟೇ.

ಕ್ಯಾಸೆಟ್ಟಿನ ಗಾಜಿನ ಕಿಂಡಿಯಲ್ಲಿ ರೀಲಿನ ಮೇಲೆ ಬಿಳಿ ಬೂಷ್ಟು ಕಂಡರೆ ಮಾತ್ರ ಅದನ್ನು ಯಾವ ಮಿಷನ್ನಿಗೂ ಹಾಕಬೇಡಿ. ಬೂಷ್ಟು ಮಿಷನ್ನಿಗೆ ಅಂಟಿ, ಅಲ್ಲಿಂದ ಮುಂದಿನ ಕ್ಯಾಸೆಟ್ಟಿಗೂ ಹೋಗುತ್ತದೆ. ಒಣ ಜಾಗದಲ್ಲಿ ಬೇರೆ ಇಟ್ಟು, ಸ್ವಚ್ಛ ಮಾಡಲು ಗೊತ್ತಿರುವವರಿಗೇ ಕೊಡಿ.

ಒಂದು ಅಕ್ಷರದ ಮದ್ದು

ನಾನು ಅವತ್ತು ಒತ್ತಿದ್ದು 'ಡಿ'. ಕಂಪ್ಯೂಟರಿನಲ್ಲಿ ವಿಎಲ್‌ಸಿ ಅನ್ನುವ ಪ್ಲೇಯರ್ ಇದೆಯಲ್ಲ, ಕಿತ್ತಳೆ ಬಣ್ಣದ ರಸ್ತೆ ಕೋನಿನ ಗುರುತಿನದು, ಪುಕ್ಕಟೆ ಸಿಗುತ್ತದೆ. ಅದರಲ್ಲಿ ಚಿತ್ರ ಓಡುತ್ತಿರುವಾಗ ಇಂಗ್ಲಿಷ್ 'ಡಿ' ಒತ್ತಿದರೆ ಡಿಇಂಟರ್‌ಲೇಸ್ ಶುರುವಾಗುತ್ತದೆ. ಮತ್ತೆ ಒತ್ತಿದರೆ ನಿಲ್ಲುತ್ತದೆ. ಮೇಲಿನ ವಿಡಿಯೋ ಮೆನುವಿನಲ್ಲೂ ಅದೇ ಹೆಸರಿನಲ್ಲಿ ಸಿಗುತ್ತದೆ. ಅದರ ಕೆಳಗೇ ಡಿಇಂಟರ್‌ಲೇಸ್ ಮೋಡ್ ಅಂತ ಪಟ್ಟಿ ಇದೆ. ಅದರಲ್ಲಿ 'ಯಾಡಿಫ್ 2ಎಕ್ಸ್' ಆರಿಸಿ.

'ಬ್ಲೆಂಡ್' ಅಂತ ಇನ್ನೊಂದಿದೆ. ಅದು ಎರಡು ಅರ್ಧವನ್ನೂ ಕಲಸಿಬಿಡುತ್ತದೆ. ಗೆರೆ ಹೋಗುತ್ತದೆ, ಆದರೆ ಕೈಯ ಹಿಂದೆ ಇನ್ನೊಂದು ನೆರಳುಗೈ ಬರುತ್ತದೆ. 'ಡಿಸ್ಕಾರ್ಡ್' ಅನ್ನುವುದು ಒಂದು ಅರ್ಧವನ್ನು ಎಸೆದೇಬಿಡುತ್ತದೆ. ಕೂತು ಮಾತಾಡುವ ಚಿತ್ರಕ್ಕೆ ನಡೆದೀತು, ಕೋಲಾಟಕ್ಕೆ ನಡೆಯುವುದಿಲ್ಲ. ಕೋಲು ಕೋಲಿಗೆ ಬಡಿಯುವ ಗಳಿಗೆ ಆ ಎಸೆದ ಅರ್ಧದಲ್ಲೇ ಇದ್ದಿರಬಹುದು. ಯಾಡಿಫ್ 2ಎಕ್ಸ್ ಐವತ್ತು ಅರ್ಧವನ್ನೂ ಐವತ್ತು ಚಿತ್ರವಾಗಿ ಬಿಡಿಸಿ ತೋರಿಸುತ್ತದೆ. ಉರುಮೆ ಬಡಿಯುವ ಕೈ, ವೀರಗಾಸೆಯ ಕುಣಿತ ಹಳೆಯ ಟಿವಿಯಲ್ಲಿ ಕಂಡಷ್ಟೇ ಸಲೀಸಾಗಿ ಕಾಣುತ್ತದೆ.

ಇದು ನೋಡುವಾಗಿನ ಮದ್ದು, ಕಡತ ಹಾಗೇ ಇರುತ್ತದೆ. ಫೋನಿನಲ್ಲಿ ನೋಡಲು, ನೆಂಟರಿಗೆ ಕಳಿಸಲು ಗೆರೆ ಇಲ್ಲದ ಇನ್ನೊಂದು ಪ್ರತಿ ಬೇಕಾದರೆ ಹ್ಯಾಂಡ್‌ಬ್ರೇಕ್ ಅನ್ನುವ ಪುಕ್ಕಟೆ ತಂತ್ರಾಂಶ ಇದೆ. ಅದರ ಫಿಲ್ಟರ್ಸ್ ವಿಭಾಗದಲ್ಲಿ ಡಿಇಂಟರ್‌ಲೇಸ್ ಎದುರು ಯಾಡಿಫ್ ಆರಿಸಿ, ಅದರ ಪಕ್ಕ 'ಬಾಬ್' ಅಂತ ಇಟ್ಟು, ವಿಡಿಯೋ ವಿಭಾಗದಲ್ಲಿ ಸೆಕೆಂಡಿಗೆ 50 ಚಿತ್ರ ಅಂತ ಹೇಳಿ ಓಡಿಸಿ. ಮೂರು ಗಂಟೆಯ ಕ್ಯಾಸೆಟ್ಟಿಗೆ ಸಾಧಾರಣ ಲ್ಯಾಪ್‌ಟಾಪ್ ತುಂಬ ಹೊತ್ತು ತೆಗೆದುಕೊಳ್ಳಬಹುದು. ರಾತ್ರಿ ಹಚ್ಚಿ ಮಲಗಿ.

ಓಡಿಸಿದ ಮೇಲೆ ಓಡುವವರು ಒಂದು ಹೆಜ್ಜೆ ಮುಂದೆ, ಅರ್ಧ ಹೆಜ್ಜೆ ಹಿಂದೆ ಅಂತ ನಡುಗಿದರೆ ಬೆಸ, ಸಮದ ಸರದಿ ಅದಲುಬದಲಾಗಿದೆ ಅಂತ ಅರ್ಥ. ಇದಕ್ಕೆ ಫೀಲ್ಡ್ ಆರ್ಡರ್ ಅನ್ನುತ್ತಾರೆ. ಅದನ್ನು ತಿರುಗಿಸಿ ಹಾಕಿದರೆ ನಡುಕ ನಿಲ್ಲುತ್ತದೆ. ಅದಕ್ಕೂ ಕ್ಯಾಸೆಟ್ಟಿನ ತಪ್ಪಿಲ್ಲ.

ಮದ್ದಿಲ್ಲದ ತಪ್ಪು

ಇಲ್ಲಿಯವರೆಗೆ ಹೇಳಿದ್ದು ಸುಲಭದ ಮಾತು. ನನಗೆ ನಿಜವಾಗಿ ಸಿಟ್ಟು ಬರುವುದು ಮುಂದಿನದಕ್ಕೆ.

ನನ್ನ ಜೊತೆ ಪತ್ರಿಕೋದ್ಯಮ ಓದಿದ ಹಿರಿಯೂರು ಕಡೆಯ ಗೆಳತಿಯೊಬ್ಬಳು ನನ್ನ ಮಾತು ಕೇಳಿ ತನ್ನ ಮನೆಯ ವಿಡಿಯೋಕ್ಕೂ 'ಡಿ' ಒತ್ತಿದಳು. ಗೆರೆ ಹೋಗಲಿಲ್ಲ. ಕಡತ ತರಿಸಿಕೊಂಡು ನೋಡಿದೆ. 576 ಸಾಲು ಇರಬೇಕಾದಲ್ಲಿ 480 ಇತ್ತು. ಕ್ಯಾಸೆಟ್ ಹಾಕಿಕೊಟ್ಟವರು "ಫೋನಿಗೆ ಹಗುರ ಆಗಲಿ" ಅಂತ ಗೆರೆ ಬಿಡಿಸದೆಯೇ ಚಿತ್ರವನ್ನು ಕುಗ್ಗಿಸಿದ್ದರು.

ಇದು ಯಾಕೆ ಕೆಟ್ಟದ್ದು ಅಂದರೆ, ಅಕ್ಕಿಗೂ ರಾಗಿಗೂ ಮಿಶ್ರಣ ಆದರೆ ಮೊರದಲ್ಲಿ ಕೇರಿ ಬೇರೆ ಮಾಡಬಹುದು. ಎರಡನ್ನೂ ಒಟ್ಟಿಗೆ ಹಿಟ್ಟು ಮಾಡಿಸಿಬಿಟ್ಟರೆ? ಸಾಲುಗಳು ಸಾಲುಗಳಾಗಿ ಇರುವವರೆಗೆ ಬೆಸ, ಸಮ ಬಿಡಿಸಬಹುದು. ಕುಗ್ಗಿಸಿದ ಮೇಲೆ ಒಂದೊಂದು ಸಾಲಿನಲ್ಲೂ ಎರಡು ಗಳಿಗೆಯ ಚಿತ್ರ ಬೆರೆತಿರುತ್ತದೆ. ಅದನ್ನು ಯಾವ ತಂತ್ರಾಂಶವೂ ಸರಿಯಾಗಿ ಬಿಡಿಸಿಕೊಡುವುದಿಲ್ಲ. ಗೆರೆ ದಪ್ಪ ಸಣ್ಣ ಆಗಿ, ಅಂಚು ಕದಡಿದ ಹಾಗೆ ಕಂಡರೆ ಇದೇ ಆಗಿದೆ ಅಂತ ತಿಳಿಯಿರಿ.

ಹಿರಿಯೂರಿನ ಗೆಳತಿ ಪುಣ್ಯವಂತೆ. ಅವರ ಮನೆಯಲ್ಲಿ ಕ್ಯಾಸೆಟ್ ಎಸೆದಿರಲಿಲ್ಲ. ಅದನ್ನೇ ಮತ್ತೊಂದು ಸಲ, ಈ ಸಲ ಸರಿಯಾಗಿ ಹಾಕಿಸಿದರು. ಅವರ ತಾತ ಗಣೆ ಊದುತ್ತ ಜುಂಜಪ್ಪನ ಕಥೆ ಹೇಳುವ ಅರ್ಧ ಗಂಟೆ ಅದರಲ್ಲಿದೆ. ಬೆರಳು ಗಣೆಯ ತೂತಿನ ಮೇಲೆ ಹೇಗೆ ಏಳುತ್ತದೆ, ಹೇಗೆ ಕೂರುತ್ತದೆ ಅಂತ ಈಗ ನೋಡಿ ಕಲಿಯಬಹುದು. ಮೊದಲಿನ ಕಡತದಲ್ಲಿ ಆ ಬೆರಳು ಬರೀ ಹೊಗೆ.

ಹಾಗಾಗಿ ನನ್ನ ಮೊದಲ ಮಾತು ಇದು: ಪೆನ್‌ಡ್ರೈವ್ ಬಂತು ಅಂತ ಕ್ಯಾಸೆಟ್ ಎಸೆಯಬೇಡಿ. ಕಡತ ಚೆನ್ನಾಗಿದ್ದರೂ ಎಸೆಯಬೇಡಿ, ಕೆಟ್ಟಿದ್ದರಂತೂ ಎಸೆಯಲೇಬೇಡಿ. ಪೆನ್‌ಡ್ರೈವ್ ನಕಲು, ಕ್ಯಾಸೆಟ್ ಮೂಲ. ಜಮೀನಿನ ಪತ್ರದ ಜೆರಾಕ್ಸ್ ಬಂದಿತೆಂದು ಮೂಲ ಪತ್ರ ಒಲೆಗೆ ಹಾಕುವವರು ಯಾರಿದ್ದಾರೆ?

ಅಂಗಡಿಯವರ ಮಾತು

ಇಷ್ಟು ಬರೆದು ತಪ್ಪೆಲ್ಲ ಅಂಗಡಿಯವರ ಮೇಲೆ ಹೊರಿಸಿದರೆ ನ್ಯಾಯವಲ್ಲ. ಈ ಕೆಲಸ ಮಾಡುವ ಕೆಲವರ ಹತ್ತಿರ ಕೂತು ಮಾತಾಡಿದೆ. ಅವರದ್ದೂ ಕಷ್ಟ ಇದೆ. ಮೂರು ಗಂಟೆಯ ಕ್ಯಾಸೆಟ್ ಹಾಕಲು ಮೂರು ಗಂಟೆಯೇ ಬೇಕು, ಬೇಗ ಓಡಿಸಲು ಬರುವುದಿಲ್ಲ. ಕೊಡುವ ದುಡ್ಡು ಕಡಿಮೆ. ಬಂದವರೆಲ್ಲ ಕೇಳುವುದು "ವಾಟ್ಸಾಪಿನಲ್ಲಿ ಹೋಗುತ್ತಾ?" ಅಂತಲೇ. ಇನ್ನೊಂದು ಕಾರಣವೂ ಇದೆ. ಅವರು ಹಾಕಿದ್ದನ್ನು ಟಿವಿಯಲ್ಲಿ ಪರೀಕ್ಷಿಸುತ್ತಾರೆ. ಇವತ್ತಿನ ಎಲ್‌ಇಡಿ ಟಿವಿ, ಡಿವಿಡಿ ಪ್ಲೇಯರುಗಳಿಗೆ ಗೆರೆ ತಾವೇ ಬಿಡಿಸಿಕೊಳ್ಳುವ ಶಕ್ತಿ ಒಳಗೇ ಇರುತ್ತದೆ. ಅಂಗಡಿಯ ಟಿವಿಯಲ್ಲಿ ಚೆನ್ನಾಗಿ ಕಂಡದ್ದು ನಿಮ್ಮ ಲ್ಯಾಪ್‌ಟಾಪಿನಲ್ಲಿ ಬಾಚಣಿಗೆ ಆಗುತ್ತದೆ. ಆಗ "ಕ್ಯಾಸೆಟ್ಟೇ ಹಾಳು" ಅಂದುಬಿಡುವುದು ಸುಲಭ.

ಆದರೆ ಗೊತ್ತಿಲ್ಲದಿರುವುದು ಬೇರೆ, ಗೊತ್ತಿಲ್ಲದೆ ತೀರ್ಪು ಕೊಡುವುದು ಬೇರೆ. ದನದ ಡಾಕ್ಟರು ನೋಡದೆಯೇ "ಎಮ್ಮೆ ಉಳಿಯಲ್ಲ, ಬಿಟ್ಟುಬಿಡಿ" ಅಂದರೆ ನಾವು ಸುಮ್ಮನಿರುತ್ತೇವೆಯೇ? ಒಂದು ಮನೆಯ ಹಿರಿಯರ ಕೊನೆಯ ಚಿತ್ರದ ಬಗ್ಗೆ ಮಾತಾಡುವಾಗಲೂ ಅಷ್ಟು ಎಚ್ಚರ ಬೇಕು.

ನೀವೂ ಕೇಳಬೇಕಾದ್ದನ್ನು ಕೇಳಿ. ನಾಲ್ಕೇ ಮಾತು:

ಒಂದು, "ಕ್ಯಾಸೆಟ್ಟಿನಲ್ಲಿ ಇದ್ದ ಹಾಗೇ ಇರುವ ಕಡತ ಕೊಡಿ. 720 × 576, ಕುಗ್ಗಿಸಬೇಡಿ, ಹಿಗ್ಗಿಸಬೇಡಿ, ಗೆರೆ ಇದ್ದರೆ ಇರಲಿ." ಇದು ಬೀಜ. ಬೀಜ ಇದ್ದರೆ ನಾಳೆ ಇನ್ನೂ ಒಳ್ಳೆಯ ತಂತ್ರಾಂಶ ಬಂದಾಗ ಮತ್ತೆ ಬೆಳೆ ತೆಗೆಯಬಹುದು.

ಎರಡು, "ಫೋನಿಗೆ ಬೇರೆ ಪ್ರತಿ ಕೊಡಿ, ಅದರಲ್ಲಿ ಗೆರೆ ಬಿಡಿಸಿ ಆಮೇಲೆ ಕುಗ್ಗಿಸಿ." ಬಿಡಿಸುವುದು ಮೊದಲು, ಕುಗ್ಗಿಸುವುದು ಆಮೇಲೆ. ಈ ಸರದಿ ತಪ್ಪಬಾರದು.

ಮೂರು, "ಚಿತ್ರ ಅಗಲಕ್ಕೆ ಎಳೆಯಬೇಡಿ." ಹಳೆಯ ಚಿತ್ರದ ಅಳತೆ 4:3. ಈಗಿನ ಟಿವಿ ತುಂಬಲಿ ಅಂತ ಎಳೆದರೆ ಬಡಕಲು ಅಜ್ಜಿಯೂ ದಪ್ಪ ಆಗುತ್ತಾಳೆ.

ನಾಲ್ಕು, "ವಿಸಿಆರ್‌ನಿಂದ ಎಚ್‌ಡಿಎಂಐಗೆ ಬದಲಿಸುವ ಅಗ್ಗದ ಡಬ್ಬಿ ನಡುವೆ ಹಾಕುತ್ತೀರಾ?" ಅಂಥ ಡಬ್ಬಿಗಳು ಒಳಗೇ ಗೆರೆ ಬಿಡಿಸಿ ಹಿಗ್ಗಿಸಿ ಕಳಿಸುತ್ತವೆ, ಎಷ್ಟೋ ಸಲ ಒರಟಾಗಿ. ನಮ್ಮ 50ರ ಲೆಕ್ಕದ ಚಿತ್ರವನ್ನು 60ಕ್ಕೆ ಬದಲಿಸಿ ಕುಂಟಿಸುವುದೂ ಉಂಟು. ಆಮೇಲೆ ಅದನ್ನು ಹಿಂದಕ್ಕೆ ತರಲಾಗದು. ಹಳದಿ, ಕೆಂಪು, ಬಿಳಿ ವೈರಿನಿಂದ ನೇರ ಕ್ಯಾಪ್ಚರ್ ಕಾರ್ಡಿಗೆ ಹೋದರೆ ಲೇಸು.

ಜಾಗದ ಲೆಕ್ಕ ಕೇಳಿದರೆ ಇಷ್ಟು. ಡಿವಿ ಮಾದರಿಯಲ್ಲಿ ಇಟ್ಟರೆ ಗಂಟೆಗೆ ಸುಮಾರು 13 ಜಿಬಿ. ಮೂರು ಗಂಟೆಯ ಕ್ಯಾಸೆಟ್ಟಿಗೆ 40 ಜಿಬಿ ಹತ್ತಿರ. 64 ಜಿಬಿ ಪೆನ್‌ಡ್ರೈವಿನಲ್ಲಿ ಹಿಡಿಯುತ್ತದೆ. ಒಂದೇ ಕಡೆ ಇಡದೆ ಎರಡು ಕಡೆ ಇಡಿ. ವಾಟ್ಸಾಪಿನಲ್ಲಿ ವಿಡಿಯೋ ಆಗಿ ಕಳಿಸಿದರೆ ಅದು ಮತ್ತೆ ಹಿಂಡುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಇದ್ದ ಹಾಗೇ ಹೋಗುತ್ತದೆ.

ಈಚೆಗೆ "ಎಐ ಹಾಕಿ ಹಳೇ ವಿಡಿಯೋ ಹೊಸದು ಮಾಡುತ್ತೇವೆ" ಅನ್ನುವ ಆಪ್‌ಗಳೂ ಬಂದಿವೆ. ನನ್ನ ಅಭಿಪ್ರಾಯ ಕೇಳಿದರೆ ಮನೆಯವರ ಮುಖದ ವಿಷಯದಲ್ಲಿ ಅದನ್ನು ನಂಬಬೇಡಿ. ಗೆರೆ ಬಿಡಿಸುವ ತಂತ್ರಾಂಶ ಇದ್ದ ಸಾಲನ್ನು ಜೋಡಿಸಿ ನಡುವಿನ ಸಣ್ಣ ಸಂದು ತುಂಬುತ್ತದೆ. ಇದು ಹಾಗಲ್ಲ, ಮುಖವನ್ನೇ ಊಹಿಸಿ ಬರೆಯುತ್ತದೆ. ನಮ್ಮ ಅಜ್ಜಿಯ ಕೆನ್ನೆಯ ಹಚ್ಚೆ ಅಳಿಸಿ, ಹಲ್ಲು ಸಾಲಾಗಿ ಜೋಡಿಸಿ ಕೊಟ್ಟಿತು. ಚೆಂದ ಇತ್ತು. ಆದರೆ ಅದು ಅಜ್ಜಿ ಆಗಿರಲಿಲ್ಲ.

ಯಾಕಿಷ್ಟು ತಲೆಕೆಡಿಸಿಕೊಳ್ಳಬೇಕು?

ಒಂದು ಮದುವೆ ಕ್ಯಾಸೆಟ್ಟಿಗೆ ಇಷ್ಟೆಲ್ಲ ಬೇಕಾ ಅಂತ ಕೇಳುವವರಿದ್ದಾರೆ. ಅವರಿಗೆ ವಾಣಿವಿಲಾಸ ಸಾಗರದ ಮಾತು ಹೇಳುತ್ತೇನೆ.

ನಮ್ಮ ಮಾರಿಕಣಿವೆ 1933ರಲ್ಲಿ ಕೋಡಿ ಬಿದ್ದಿತ್ತು. ಆ ನೀರು ಹೇಗೆ ಹರಿಯಿತು, ಜನ ಹೇಗೆ ಬಂದು ನೋಡಿದರು ಅನ್ನುವುದು ನಮ್ಮ ಹಳ್ಳಿಗಳಿಗೆ ಉಳಿದದ್ದು ಹಿರಿಯರ ಬಾಯಿಮಾತಿನಲ್ಲಿ. ಮತ್ತೆ ಕೋಡಿ ಬಿದ್ದದ್ದು 89 ವರ್ಷದ ಮೇಲೆ, 2022ರಲ್ಲಿ. ಆಗ ಎಲ್ಲರ ಕೈಯಲ್ಲೂ ಫೋನಿತ್ತು. 2025ರ ಜನವರಿಯಲ್ಲಿ ಇನ್ನೊಮ್ಮೆ ಬಿದ್ದಾಗಲೂ ಸ್ಟೇಟಸ್ ತುಂಬ ಕೋಡಿಯೇ.

ಬಾಯಿಮಾತಿನ ಕಾಲ ಒಂದು, ಫೋನಿನ ಕಾಲ ಇನ್ನೊಂದು. ಇವೆರಡರ ನಡುವೆ ಇದ್ದದ್ದು ಕ್ಯಾಸೆಟ್ ಕಾಲ. ಹೆಚ್ಚು ಕಡಿಮೆ ಎಂಬತ್ತರ ದಶಕದ ಕೊನೆಯಿಂದ 2005ರ ಸುಮಾರಿನವರೆಗೆ. ಆ ಇಪ್ಪತ್ತು ವರ್ಷ ನಮ್ಮ ಸೀಮೆ ಬದಲಾದಷ್ಟು ಯಾವಾಗ ಬದಲಾಯಿತು? ಬರದಲ್ಲಿ ತೆಂಗಿನ ತೋಟ ಒಣಗಿ ಕಡಿಸಿದವರು ಹಿರಿಯೂರು, ಹೊಸದುರ್ಗದಲ್ಲಿ ಎಷ್ಟೋ ಜನ. ತೆರೆದ ಬಾವಿ ಮುಚ್ಚಿ ಬೋರ್‌ವೆಲ್ ಬಂತು. ಹೆಂಚಿನ ಮನೆ ಹೋಗಿ ಆರ್‌ಸಿಸಿ ಬಂತು. ಚಪ್ಪರದ ಮದುವೆ ಹೋಗಿ ಕಲ್ಯಾಣ ಮಂಟಪ ಬಂತು, ಸೋಬಾನೆ ಹೋಗಿ ಡಿಜೆ ಬಂತು.

ಅತ್ತೆಯ ಮದುವೆಯ ವಿಡಿಯೋದಲ್ಲಿ ಹಿಂದೆ ಕಾಣುವ ತೆಂಗಿನ ತೋಟ ಈಗ ಇಲ್ಲ. ಬಾವಿ ಇಲ್ಲ. ಕ್ಯಾಮೆರಾದವನು ಅದನ್ನು ಹಿಡಿಯಬೇಕೆಂದು ಹಿಡಿದವನಲ್ಲ, ಮದುಮಗಳ ಹಿಂದೆ ಅವು ಇದ್ದವು, ಬಂದವು. ನಮ್ಮ ಊರುಗಳ ಆ ಕಾಲದ ಚರಿತ್ರೆ ಹೀಗೆ ಮದುವೆ, ಜಾತ್ರೆ, ನಾಟಕದ ಹಿನ್ನೆಲೆಯಲ್ಲಿ ಕೂತಿದೆ. ಸಾಣೇಹಳ್ಳಿಯ ಶಿವಸಂಚಾರ 1997ರಿಂದ ಊರೂರಿಗೆ ಹೋಗಿ ನಾಟಕ ಆಡುತ್ತ ಬಂದಿದೆ. ಅಂಥ ನಾಟಕ ಬಂದ ರಾತ್ರಿ ನಿಮ್ಮೂರಲ್ಲಿ ಯಾರಾದರೂ ಕ್ಯಾಮೆರಾ ಹಿಡಿದಿದ್ದರೆ, ನಾಟಕದ ಜೊತೆಗೆ ಎದುರು ಕೂತ ಊರೂ ಅದರಲ್ಲಿದೆ.

ಕಾಲ ನಮಗಾಗಿ ಕಾಯುವುದಿಲ್ಲ. ವಿಸಿಆರ್ ಮಾಡುತ್ತಿದ್ದ ಕೊನೆಯ ಕಂಪನಿ, ಜಪಾನಿನ ಫುನಾಯ್, 2016ರ ಜುಲೈನಲ್ಲಿ ತಯಾರಿಕೆ ನಿಲ್ಲಿಸಿತು. ಈಗ ಇರುವ ಮಿಷನ್ನುಗಳು ಕೆಟ್ಟರೆ ಹೊಸದು ಸಿಗುವುದಿಲ್ಲ, ರಿಪೇರಿ ಬಲ್ಲವರೂ ಕಡಿಮೆ ಆಗುತ್ತಿದ್ದಾರೆ. ಆಸ್ಟ್ರೇಲಿಯಾದ ರಾಷ್ಟ್ರೀಯ ಚಿತ್ರ ಮತ್ತು ಧ್ವನಿ ಸಂಗ್ರಹಾಲಯ 2025ರೊಳಗೆ ಡಿಜಿಟಲ್ ಮಾಡದ ಟೇಪುಗಳು ಬಹುಮಟ್ಟಿಗೆ ಕೈತಪ್ಪಿಹೋಗುತ್ತವೆ ಅಂತ ಮುಂಚೆಯೇ ಎಚ್ಚರಿಸಿತ್ತು. ಆ ಗಡುವು ಬಂದೇಬಿಟ್ಟಿದೆ. ನಮ್ಮ ಸೀಮೆಯಲ್ಲಿ ಇನ್ನೂ ಸುಣ್ಣ ಬಳಿಯುವಾಗ ತಿಪ್ಪೆಗೆ ಹಾಕುತ್ತಿದ್ದೇವೆ.

ಪಂಚಾಯಿತಿಯಲ್ಲೇ ಆಗಬಹುದು

ಮನೆಮನೆಯವರೂ ಇದನ್ನೆಲ್ಲ ಕಲಿಯಬೇಕು ಅಂತ ನಾನು ಹೇಳುವುದಿಲ್ಲ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿಗೆ ಈಗ ಅರಿವು ಕೇಂದ್ರ ಅಂತ ಹೆಸರಿದೆ, ಹಲವು ಕಡೆ ಕಂಪ್ಯೂಟರೂ ಇದೆ. ಒಂದು ಹೋಬಳಿಗೆ ಒಂದು ಕೆಲಸ ಮಾಡುವ ವಿಸಿಆರ್, ಒಂದು ಕ್ಯಾಪ್ಚರ್ ಕಾರ್ಡ್, ಒಂದು ದೊಡ್ಡ ಹಾರ್ಡ್‌ಡಿಸ್ಕ್. ಇಷ್ಟಿದ್ದರೆ ತಿಂಗಳಿಗೊಂದು ದಿನ ಕ್ಯಾಸೆಟ್ ದಿನ ಅಂತ ಮಾಡಬಹುದು. ಕ್ಯಾಸೆಟ್ ತಂದವರ ಎದುರಿಗೇ ಹಾಕಿ, ಮೂಲ ಕಡತ ಒಂದು, ಫೋನಿಗೆ ಒಂದು ಪ್ರತಿ ಕೊಟ್ಟು, ಕ್ಯಾಸೆಟ್ ಅವರ ಕೈಗೇ ವಾಪಸ್ ಕೊಡಬೇಕು. ಮನೆಯವರು ಒಪ್ಪಿದರೆ ಮಾತ್ರ ಜಾತ್ರೆ, ನಾಟಕದ ಭಾಗ ಗ್ರಂಥಾಲಯದಲ್ಲಿ ಉಳಿಯಲಿ. ಮದುವೆ ಮನೆಯ ಚಿತ್ರ ಮನೆಯವರದ್ದು, ಅದನ್ನು ಅವರನ್ನು ಕೇಳದೆ ಯಾರೂ ಎಲ್ಲೂ ಹಾಕಬಾರದು.

ಇದಕ್ಕೆ ದೊಡ್ಡ ಯೋಜನೆ ಬೇಡ. ಓದಿ ಊರಿಗೆ ಬಂದ ಇಬ್ಬರು ಹುಡುಗರು, ಒಬ್ಬ ಆಸಕ್ತಿಯ ಗ್ರಂಥಪಾಲಕರು ಸಾಕು. ಪತ್ರಿಕೋದ್ಯಮ ಓದಿದ ನಮ್ಮಂಥವರೂ ಇದಕ್ಕೆ ಕೈಹಾಕಬೇಕು. ಊರಿನ ಸುದ್ದಿ ಬರೆಯುತ್ತೇವೆ ಅನ್ನುವವರು ಊರಿನ ಹಳೆಯ ಸುದ್ದಿ ಕೊಳೆಯುವುದನ್ನು ನೋಡುತ್ತ ಕೂರಬಾರದು.

ಅಲ್ಲಿಯವರೆಗೆ ನೀವು ಇವತ್ತೇ ಮಾಡಬಹುದಾದ್ದು ಇಷ್ಟು. ಅಟ್ಟ ಹತ್ತಿ ಕ್ಯಾಸೆಟ್ ಇಳಿಸಿ. ಪುಸ್ತಕದ ಹಾಗೆ ನೆಟ್ಟಗೆ ನಿಲ್ಲಿಸಿ, ತೇವ, ಬಿಸಿಲು, ಸ್ಪೀಕರ್ ಹತ್ತಿರ ಬೇಡ. ಕ್ಯಾಸೆಟ್ಟಿನ ಬೆನ್ನಿನ ಅಂಚಿನಲ್ಲಿ ಒಂದು ಚಿಕ್ಕ ಪ್ಲಾಸ್ಟಿಕ್ ತುಣುಕು ಇರುತ್ತದೆ, ಅದನ್ನು ಮುರಿದುಬಿಡಿ. ಮುರಿದರೆ ಅದರ ಮೇಲೆ ತಪ್ಪಿಯೂ ಬೇರೇನೂ ರೆಕಾರ್ಡ್ ಆಗುವುದಿಲ್ಲ. ಒಂದು ಚೀಟಿ ಬರೆದು ಅಂಟಿಸಿ: ಯಾವ ಊರು, ಯಾವ ವರ್ಷ, ಯಾರ ಮದುವೆ, ಯಾವ ನಾಟಕ, ಯಾರು ಯಾವ ಪಾತ್ರ. ಚಿತ್ರದಲ್ಲಿರುವವರ ಹೆಸರು ಹೇಳಬಲ್ಲವರು ಇನ್ನೂ ಬದುಕಿರುವಾಗಲೇ ಬರೆಸಿಕೊಳ್ಳಿ.

ಮೊನ್ನೆ ದೊಡ್ಡಪ್ಪ ಫೋನ್ ಮಾಡಿದ್ದರು. ಹೊಳಲ್ಕೆರೆ ಕಡೆಯ ಬೀಗರ ಊರಿನಲ್ಲಿ ಅದೇ ತಂಡ ಅದೇ ಕುರುಕ್ಷೇತ್ರವನ್ನು ಇನ್ನೊಮ್ಮೆ ಆಡಿತ್ತಂತೆ. ಅವರ ಮನೆಯಲ್ಲಿ ಯಾವುದೋ ಕ್ಯಾಸೆಟ್ ಇದೆಯಂತೆ, ಏನಿದೆ ಅಂತ ಅವರಿಗೂ ನೆನಪಿಲ್ಲವಂತೆ.

"ಎಸೀಬ್ಯಾಡ್ರಿ ಅಂತ ಹೇಳಿ ಬಂದೀನಿ ಕಣವ್ವ. ಗೆರೆ ಬಂದ್ರೂ ಎಸೀಬ್ಯಾಡ್ರಿ ಅಂದೀನಿ."

ಬರುವ ಭಾನುವಾರ ತರಲು ಹೋಗುತ್ತಿದ್ದೇವೆ.